ಹತ್ತು ದಿವಸದ ಫೈಲ್ ನಾನು ನೋಡ್ತೇನೆ: ಲೆಕ್ಕದ ಕೆಲಸದವ್ರು ಒಬ್ಬರ ಕಷ್ಟಕ್ಕೆ ಒಬ್ರು ಆಗುದು ಹೇಗೆ

ಸೆಪ್ಟೆಂಬರ್ ಕೊನೆಗೆ ರಾತ್ರಿ ಹನ್ನೊಂದರ ಮೇಲೆ ಮಂಗಳೂರಿನ ಕೊಡಿಯಾಲ್‌ಬೈಲ್, ಬಲ್ಮಠ ಆ ಕಡೆ ಹೋದ್ರೆ ಅಂಗಡಿ ಎಲ್ಲ ಬಾಗಿಲು ಹಾಕಿದ ಮೇಲೂ ಎರಡನೇ ಮಾಳಿಗೆ ಮೂರನೇ ಮಾಳಿಗೆಯಲ್ಲಿ ಒಂದೊಂದು ರೂಮಿಗೆ ಲೈಟ್ ಇರ್ತದೆ, ಅದು ಹೆಚ್ಚಾಗಿ ನಮ್ಮ ಲೆಕ್ಕದ ಕೆಲಸದವ್ರದ್ದೇ, 30ನೇ ತಾರೀಕಿನ ಒಳಗೆ ಆಡಿಟ್ ರಿಪೋರ್ಟ್ ಹಾಕ್ಬೇಕಲ್ಲ. ಏಳು ವರ್ಷದ ಹಿಂದೆ ಅಂಥ ಒಂದು ರಾತ್ರಿ ನನ್ನ ಆಫೀಸಲ್ಲಿ ಲೈಟ್ ಇರ್ಲಿಲ್ಲ, ಆರಿಸಿ ಕೂತಿದ್ದೆ ನಾನು. ಡ್ರಾವರಲ್ಲಿ ಬಾಟ್ಲಿ, ಫೋನ್ ಸೈಲೆಂಟ್, ಹದಿನಾಲ್ಕು ಆಡಿಟ್ ಬಾಕಿ, ಅದರಲ್ಲಿ ಆರರ ಫೈಲ್ ಬಿಡಿಸಿ ನೋಡಿಯೇ ಇರ್ಲಿಲ್ಲ. ಮರುದಿನ ಬೆಳಿಗ್ಗೆ ನನ್ನೊಟ್ಟಿಗೆ ಆರ್ಟಿಕಲ್‌ಶಿಪ್, ಅಂದ್ರೆ ಸಿಎ ಕಲಿಯುವಾಗಿನ ಆಫೀಸ್ ತರಬೇತಿ, ಮಾಡಿದ ಒಬ್ಬ ದೋಸ್ತಿ, ಈಗ ಉಡುಪಿಯಲ್ಲಿ ಪ್ರಾಕ್ಟೀಸ್ ಮಾಡುವವ, ಎಕ್ಸ್‌ಪ್ರೆಸ್ ಬಸ್ ಹತ್ತಿ ಬಂದ. ಕುಡಿತದ ಬಗ್ಗೆ ಒಂದೇ ಒಂದು ಮಾತು ಕೇಳ್ಲಿಲ್ಲ. "ಪೆಂಡಿಂಗ್ ಲಿಸ್ಟ್ ಕೊಡು ಮಾರಾಯ" ಅಂತ ಕೇಳಿ ಎದುರು ಕುರ್ಚಿಯಲ್ಲಿ ಕೂತ. ಮಧ್ಯಾಹ್ನದ ಹೊತ್ತಿಗೆ ನಾವಿಬ್ರೂ ಡಾಕ್ಟ್ರ ಹತ್ರ ಇದ್ದೆವು.

ಕುಡಿತ ಬಿಡ್ಬೇಕು ಅಂತ ನನಗೆ ಗೊತ್ತಿತ್ತು, ಡಾಕ್ಟ್ರ ಹತ್ರ ಹೋಗ್ಬೇಕು ಅಂತಲೂ ಗೊತ್ತಿತ್ತು. ಎರಡು ವರ್ಷ ನನ್ನನ್ನು ಹಿಡಿದು ಇಟ್ಟದ್ದು "ನಾನು ಹತ್ತು ದಿವಸ ಮಲಗಿದ್ರೆ ಇದೆಲ್ಲ ಯಾರು ನೋಡುದು" ಎಂಬ ಒಂದೇ ಹೆದರಿಕೆ. ಮರ್ಯಾದೆಯ ಪ್ರಶ್ನೆ ಇತ್ತು, ಇಲ್ಲ ಅಂತ ಅಲ್ಲ, ಆದ್ರೆ ಕೆಲಸದ ಹೆದರಿಕೆ ಅದಕ್ಕಿಂತ ದೊಡ್ಡದು. ಇದು ನಮ್ಮ ಕೆಲಸ ಮಾಡದವ್ರಿಗೆ ಅರ್ಥ ಆಗುದಿಲ್ಲ, ಮನೆಯವ್ರು "ರಜೆ ಹಾಕು" ಅಂತಾರೆ, 7ನೇ ತಾರೀಕಿಗೆ ಟಿಡಿಎಸ್ (ಮೊದಲೇ ಹಿಡಿದ ತೆರಿಗೆ) ಕಟ್ಟುದು, 11ಕ್ಕೆ ಜಿಎಸ್‌ಟಿಯ ಮಾರಾಟದ ರಿಟರ್ನ್ ಜಿಎಸ್‌ಟಿಆರ್ 1, 20ಕ್ಕೆ ಜಿಎಸ್‌ಟಿ ಕಟ್ಟುವ ರಿಟರ್ನ್ 3ಬಿ, ನಡುವೆ ಅಡ್ವಾನ್ಸ್ ಟ್ಯಾಕ್ಸ್, ರಜೆ ಎಲ್ಲಿಂದ ಹಾಕುದು. ಹಾಗಾಗಿ ಲೆಕ್ಕದವ್ರಿಗೆ ಲೆಕ್ಕದವ್ರೇ ಆಗ್ಬೇಕು ಅಂತ ನಾನು ಹೇಳುದು. ಸಿಎ ಮಾತ್ರ ಅಲ್ಲ, ಟ್ಯಾಕ್ಸ್ ಪ್ರಾಕ್ಟಿಷನರ್, ಕಂಪೆನಿಯ ಅಕೌಂಟೆಂಟ್, ಸೊಸೈಟಿಯಲ್ಲಿ ಲೆಕ್ಕ ಬರೆಯುವವ್ರು, ಆರ್ಟಿಕಲ್ ಮಕ್ಕಳು ಎಲ್ಲರಿಗೂ ಸೇರಿಸಿ ಬರೀತಾ ಇದ್ದೇನೆ.

ಇದೇನು ಹೊಸತಲ್ಲ. 1935ರಲ್ಲಿ ಅಮೆರಿಕದಲ್ಲಿ ಆಲ್ಕೋಹಾಲಿಕ್ಸ್ ಅನಾನಿಮಸ್, ನಾವು ಎಎ ಅಂತ ಹೇಳುದು, ಅದನ್ನು ಶುರು ಮಾಡಿದ ಇಬ್ಬರಲ್ಲಿ ಬಿಲ್ ವಿಲ್ಸನ್ ಅನ್ನುವವ್ರು ಶೇರು ಮಾರ್ಕೆಟ್ ಕೆಲಸದವ್ರು, ಒಂದು ವ್ಯವಹಾರ ಕೆಟ್ಟು ಪರ ಊರಲ್ಲಿ ಇನ್ನೇನು ಕುಡೀಬೇಕು ಅಂತ ಆದಾಗ ಅವ್ರು ಹುಡುಕಿದ್ದು ಇನ್ನೊಬ್ಬ ಕುಡುಕನನ್ನು, ಮಾತಾಡ್ಲಿಕ್ಕೆ. ಆಗ ಸಿಕ್ಕಿದವ್ರು ಡಾಕ್ಟರ್ ಬಾಬ್ ಸ್ಮಿತ್. ನಮ್ಮ ಕಡೆ ಧರ್ಮಸ್ಥಳದ ಯೋಜನೆಯವ್ರ ಮದ್ಯವರ್ಜನ ಶಿಬಿರ ಎಲ್ಲರಿಗೂ ಗೊತ್ತುಂಟು, ಶಿಬಿರ ಮುಗಿದ ಮೇಲೆ ಕುಡಿತ ಬಿಟ್ಟವ್ರೇ ಸೇರುವ ನವಜೀವನ ಸಮಿತಿ ಇರ್ತದಲ್ಲ, ಅದೂ ಇದೇ ದಾರಿ. ಅಕೌಂಟೆಂಟರಿಗೇ ಅಂತಲೂ ಉಂಟು, ಇಂಗ್ಲೆಂಡಿನಲ್ಲಿ ಸಿಎಗಳಿಗೆ ಕಬಾ ಎಂಬ ಚಾರಿಟಿ 1886ರಿಂದ ಉಂಟು, ಟೆಕ್ಸಾಸ್‌ನಲ್ಲಿ ಅಕೌಂಟೆಂಟ್ಸ್ ಕಾನ್ಫಿಡೆನ್ಶಿಯಲ್ ಅಸಿಸ್ಟೆನ್ಸ್ ನೆಟ್‌ವರ್ಕ್ ಅಂತ, ಹೆಸರಲ್ಲೇ ಗುಟ್ಟು ಕಾಪಾಡುವ ಮಾತು ಉಂಟು. ನಮ್ಮಲ್ಲಿ ಅಷ್ಟು ದೊಡ್ಡದಾಗಿ ಬೇಡ, ಇಬ್ರು ಮೂರು ಜನ ಇದ್ರೆ ಶುರು ಮಾಡ್ಬಹುದು.

ಗೊತ್ತಾಗುದು ಹೇಗೆ

ವಾಸನೆ, ಏಲಕ್ಕಿ, ಕಣ್ಣು ಕೆಂಪು ಇದನ್ನೆಲ್ಲ ನೋಡ್ಲಿಕ್ಕೆ ಹೋಗ್ಬೇಡಿ, ನಮ್ಮವ್ರು ಅದನ್ನು ಚೆಂದ ಅಡಗಿಸ್ತಾರೆ. ಕೆಲಸದಲ್ಲಿ ಗೊತ್ತಾಗ್ತದೆ. ಪೋರ್ಟಲ್‌ನಲ್ಲಿ ನೋಟಿಸ್ ಬಂದು ತಿಂಗಳಾದ್ರೂ ಬಿಡಿಸಿರುದಿಲ್ಲ. ಒಂದು ಕಾಲದಲ್ಲಿ ವರ್ಕಿಂಗ್ ಪೇಪರ್ ಅಚ್ಚುಕಟ್ಟಾಗಿ ಇಡ್ತಾ ಇದ್ದವ್ರ ಫೈಲಲ್ಲಿ ಹಾಳೆ ಖಾಲಿ. ಕ್ಲೈಂಟ್ ನಿಮಗೆ ಫೋನ್ ಮಾಡಿ "ನಿಮ್ಮ ದೋಸ್ತಿ ಫೋನ್ ತೆಗೀತಾ ಇಲ್ಲ ಮಾರ್ರೆ" ಅಂತ ಹೇಳ್ತಾರೆ. ಸೋಮವಾರ ಸೋಮವಾರ ಜ್ವರ. ರಾತ್ರಿ ಮೂರು ಗಂಟೆಗೆ ಮೇಲ್, ಬೆಳಿಗ್ಗೆ ಹನ್ನೆರಡರವರೆಗೆ ಆಳು ಇಲ್ಲ. ಕುಡಿಯದವ್ರಲ್ಲಿ ಕೂಡ ಹೀಗೇ ಆಗ್ತದೆ, ಖಿನ್ನತೆ ಬಂದವ್ರು ಎಷ್ಟೋ ಸಲ ಅಳುದಿಲ್ಲ, ಸುಮ್ಮನೆ ಒಂದು ಕಾಗದಕ್ಕೆ ಸೈನ್ ಹಾಕ್ಲಿಕ್ಕೆ ಎರಡು ವಾರ ಮಾಡ್ತಾರೆ. ಅದನ್ನು ಉದಾಸೀನ ಅಂತ ಹೇಳಿ ಬಿಟ್ಟುಬಿಡ್ತೇವೆ ನಾವು, ಅದು ತಪ್ಪು.

ಇನ್ನೊಂದು ಚಟ ನಮ್ಮಲ್ಲಿ ಜಾಸ್ತಿ ಆಗಿದೆ, ಎಫ್ ಆಂಡ್ ಓ, ಅಂದ್ರೆ ಶೇರು ಮಾರ್ಕೆಟಿನ ಫ್ಯೂಚರ್ಸ್ ಆಂಡ್ ಆಪ್ಷನ್ಸ್ ವ್ಯವಹಾರ. ಶೇರು ಮಾರ್ಕೆಟಿನ ಮೇಲೆ ಕಣ್ಣಿಡುವ ಸೆಬಿ 2024ರಲ್ಲಿ ಹೇಳಿದ ಲೆಕ್ಕ ನಿಮಗೆ ಗೊತ್ತಿರ್ಬಹುದು, ಮೂರು ವರ್ಷದಲ್ಲಿ ಎಫ್ ಆಂಡ್ ಓ ಮಾಡಿದ ಸಾಮಾನ್ಯ ಜನರಲ್ಲಿ 93% ಜನ ಕಳ್ಕೊಂಡಿದ್ದಾರೆ. ನಮಗೆ ಲೆಕ್ಕ ಗೊತ್ತುಂಟು, ನಾವು ಆ 7%ನಲ್ಲಿ ಇರ್ತೇವೆ ಅಂತ ನಮ್ಮವ್ರಿಗೆ ಕಾಣ್ತದೆ. ಇದರಲ್ಲಿ ಅಪಾಯ ಎಂತ ಅಂದ್ರೆ ಎಷ್ಟೋ ಆಫೀಸಲ್ಲಿ ಕ್ಲೈಂಟ್ ಟ್ಯಾಕ್ಸಿನ ಹಣ ನಮ್ಮ ಅಕೌಂಟಿಗೇ ಹಾಕ್ತಾರೆ, "ನೀವೇ ಕಟ್ಟಿ ಬಿಡಿ" ಅಂತ. ಚಟ ಇರುವವ್ರ ಕೈಯಲ್ಲಿ ಆ ಹಣ ಒಂದು ರಾತ್ರಿ ಇದ್ರೂ ಸಾಕು. ಹಾಗಾಗಿ ದೋಸ್ತಿ ಈ ಚಟದಲ್ಲಿ ಇದ್ದಾನೆ ಅಂತ ಗೊತ್ತಾದ ಕೂಡ್ಲೆ ಮಾಡುವ ಕೆಲಸ ಇದು: ಇನ್ನು ಚಲನ್ ಮಾತ್ರ ಮಾಡಿ ಕ್ಲೈಂಟಿಗೆ ಕಳಿಸುದು, ಹಣ ಅವ್ರೇ ಅವ್ರ ಬ್ಯಾಂಕಿಂದ ಕಟ್ಟುದು. ಬುದ್ಧಿಮಾತು ಆಮೇಲೆ.

ಮೊದಲ ಮಾತು

ಬಾರಲ್ಲಿ ಕೂತು ಬೇಡ. ಆಫೀಸಲ್ಲಿ ಸ್ಟಾಫ್ ಎದುರು ಬೇಡ. ಕದ್ರಿ ಪಾರ್ಕಲ್ಲಿ ಒಂದು ರೌಂಡ್ ನಡೀರಿ, ತಣ್ಣೀರುಬಾವಿಗೆ ಹೋಗಿ, ಮಣಿಪಾಲದವ್ರಾದ್ರೆ ಎಂಡ್ ಪಾಯಿಂಟ್. ಎದುರೆದುರು ಕೂತು ಕಣ್ಣಲ್ಲಿ ಕಣ್ಣಿಟ್ಟು ಮಾತಾಡುದಕ್ಕಿಂತ ಪಕ್ಕ ಪಕ್ಕ ನಡೀತಾ ಇರುವಾಗ ಗಂಡಸರಿಗೆ ಮಾತು ಬರ್ತದೆ, ಕಾರಲ್ಲಿ ಕೂಡ ಬರ್ತದೆ.

ನೀವು ಕಂಡದ್ದನ್ನು ಮಾತ್ರ ಹೇಳಿ. "ಮೂರು ತಿಂಗಳಿಂದ ನೀನು ಫೋನ್ ತೆಗೀತಾ ಇಲ್ಲ, ಮೊನ್ನೆ ಬ್ಯಾಂಕಲ್ಲಿ ನಿನ್ನ ಕೈ ನಡುಗ್ತಾ ಇತ್ತು, ನನಗೆ ಸಿಟ್ಟಿಲ್ಲ, ಹೆದರಿಕೆ ಆಗ್ತಾ ಉಂಟು." ಅಷ್ಟು ಸಾಕು. ಸೀನಿಯರ್ ಆದ್ರೆ ಇನ್ನೂ ಕಷ್ಟ, ನಮಗೆ ಕಲಿಸಿದವ್ರ ಹತ್ರ ಹೇಗೆ ಹೇಳುದು. "ಸರ್, ಈಗೀಗ ನೀವು ಮೊದಲಿನ ಹಾಗೆ ಇಲ್ಲ ಅಂತ ನನಗೆ ಕಾಣ್ತದೆ, ನಿಮ್ಮ ಕೆಲಸ ಎಂತಾದ್ರೂ ಇದ್ರೆ ಕೊಡಿ, ನಾನು ಮಾಡ್ತೇನೆ" ಅಂತ ಹೇಳಿ ನೋಡಿ. ಮೊದಲ ಸಲ "ಎಂತ ಇಲ್ಲ, ಸ್ವಲ್ಪ ಟೆನ್ಷನ್" ಅಂತಲೇ ಉತ್ತರ ಬರುದು. ಬೇಜಾರು ಮಾಡ್ಬೇಡಿ, ವಾರ ಬಿಟ್ಟು ಪುನಃ ಹೋಗಿ. ನನ್ನ ದೋಸ್ತಿ ಆ ದಿನ ಬರುವ ಮೊದಲು ನಾಲ್ಕು ಸಲ ಬಂದು ವಾಪಸ್ ಹೋಗಿದ್ದ, ಒಂದು ಸಲ ನಾನು ಒಳಗೇ ಇದ್ದು ಬಾಗಿಲು ತೆಗೀಲಿಲ್ಲ.

"ಮನಸ್ಸು ಗಟ್ಟಿ ಮಾಡು", "ಹೆಂಡ್ತಿ ಮಕ್ಕಳ ಮುಖ ನೋಡು" ಇದೆರಡು ಮಾತು ದಯವಿಟ್ಟು ಹೇಳ್ಬೇಡಿ, ಅವ ಪ್ರತಿದಿನ ರಾತ್ರಿ ಅದನ್ನೇ ತನಗೆ ತಾನೇ ಹೇಳಿ ಹೇಳಿ ಸೋತಿರ್ತಾನೆ. ಮನೆಯವ್ರು ಜೋಯಿಸರ ಹತ್ರ ಪ್ರಶ್ನೆ ಇಡ್ಲಿಕ್ಕೆ ಹೊರಟ್ರೆ, ದೈವಕ್ಕೆ ಹರಕೆ ಹೇಳಿದ್ರೆ ಅಡ್ಡ ಬರ್ಬೇಡಿ, ಅದು ಅವ್ರ ಧೈರ್ಯ. ಅದೂ ಆಗ್ಲಿ, ಅದರೊಟ್ಟಿಗೆ ಡಾಕ್ಟ್ರೂ ಆಗ್ಲಿ ಅಂತ ಹೇಳಿ. ಒಂದನ್ನು ಬಿಟ್ಟು ಇನ್ನೊಂದು ಅಂತ ಹೇಳಿದ್ರೆ ಎರಡೂ ಆಗುದಿಲ್ಲ.

ನಮ್ಮವ್ರಿಗೆ ಅಂಕಿ ಕೊಟ್ರೆ ಬೇಗ ಒಪ್ತಾರೆ, ಇದು ನನ್ನ ಅನುಭವ. ವಿಶ್ವ ಆರೋಗ್ಯ ಸಂಸ್ಥೆ ಮಾಡಿದ ಕುಡಿತದ ಪ್ರಶ್ನಾವಳಿಯ ಹೆಸರೇ ಆಡಿಟ್, 10 ಪ್ರಶ್ನೆ, 40 ಮಾರ್ಕ್, 8 ಅಥವಾ ಮೇಲೆ ಬಂದ್ರೆ ಯಾರನ್ನಾದ್ರೂ ಕಾಣ್ಬೇಕು ಅಂತ ಅರ್ಥ, 20 ಅಥವಾ ಮೇಲೆ ಆದ್ರೆ ಚಟ ಅಂಟಿಕೊಂಡಿರುವ ಸಾಧ್ಯತೆ ಜಾಸ್ತಿ. ಖಿನ್ನತೆಗೆ ಪಿಎಚ್‌ಕ್ಯೂ 9, ಒಂಬತ್ತು ಪ್ರಶ್ನೆ, ಕಳೆದ ಎರಡು ವಾರದ್ದು, 10 ಅಥವಾ ಮೇಲೆ ಬಂದ್ರೆ ಡಾಕ್ಟ್ರ ಹತ್ರ. ಒಟ್ಟಿಗೆ ಕೂತು ನೀವೂ ತುಂಬಿಸಿ, ಅವನೂ ತುಂಬಿಸ್ಲಿ. ಆದ್ರೆ ಆ ಒಂಬತ್ತನೇ ಪ್ರಶ್ನೆ ಸಾಯುವ ಯೋಚನೆಯದ್ದು, ಅದಕ್ಕೆ ಸೊನ್ನೆ ಬಿಟ್ಟು ಬೇರೆ ಎಂತ ಬಂದ್ರೂ ಟೋಟಲ್ ಹಾಕ್ಲಿಕ್ಕೆ ಕೂರ್ಬೇಡಿ.

ಅದನ್ನು ನೇರ ಕೇಳಿ. "ಸಾಯ್ಬೇಕು ಅಂತ ಕಾಣ್ತದಾ?" ಕೇಳಿದ್ರೆ ಇಲ್ಲದ ಯೋಚನೆ ಹುಟ್ಟಿಸಿದ ಹಾಗೆ ಆಗ್ತದೆ ಅಂತ ತುಂಬ ಜನ ಹೆದರ್ತಾರೆ, ಹಾಗೆ ಆಗುದಿಲ್ಲ, ಕೇಳಿದಾಗ ಹೆಚ್ಚಿನವ್ರಿಗೆ ಎದೆಯ ಭಾರ ಇಳೀತದೆ, ನನಗೆ ಇಳಿದಿತ್ತು. ಹೌದು ಅಂತ ಹೇಳಿದ್ರೆ ಅವತ್ತು ಅವನನ್ನು ಒಬ್ಬನೇ ಬಿಡ್ಬೇಡಿ. 14416, ಟೆಲಿ ಮಾನಸ್, ಕೇಂದ್ರ ಸರ್ಕಾರದ್ದು, 2022ರಿಂದ ಉಂಟು, ಫ್ರೀ, 24 ಗಂಟೆ, ಕನ್ನಡದಲ್ಲೇ ಮಾತಾಡ್ತಾರೆ. ಈಗಲೇ ಎಂತಾದ್ರೂ ಮಾಡ್ಕೊಳ್ತಾನೆ ಅಂತ ಕಂಡ್ರೆ ಯಾವುದಾದ್ರೂ ದೊಡ್ಡ ಆಸ್ಪತ್ರೆಯ ಕ್ಯಾಶುವಾಲ್ಟಿಗೆ ಸೀದಾ ಕರ್ಕೊಂಡು ಹೋಗಿ, ಗಾಡಿ ಇಲ್ಲದಿದ್ರೆ 112. ಇಲ್ಲಿ ಮಾತ್ರ ಗುಟ್ಟಿನ ನಿಯಮ ಇಲ್ಲ, ಮನೆಯವ್ರಿಗೆ ಹೇಳ್ಲೇಬೇಕು, ಹೇಳ್ತೇನೆ ಅಂತ ಅವನಿಗೂ ತಿಳಿಸಿ ಹೇಳಿ. ಪೊಲೀಸ್ ಕೇಸ್ ಆಗ್ತದೆ ಅಂತ ಮುಚ್ಚಿಡುವವ್ರು ಈಗಲೂ ಇದ್ದಾರೆ, 2017ರ ಮಾನಸಿಕ ಆರೋಗ್ಯ ಕಾಯಿದೆ ಪ್ರಕಾರ ಅಂಥ ಪ್ರಯತ್ನ ಮಾಡಿದವ್ರು ತೀವ್ರ ಒತ್ತಡದಲ್ಲಿ ಇದ್ರು ಅಂತಲೇ ಭಾವಿಸ್ಬೇಕು, ಶಿಕ್ಷೆ ಕೊಡುದಲ್ಲ. ಅದೇ ಕಾಯಿದೆಯಲ್ಲಿ ಚಿಕಿತ್ಸೆಯ ವಿಷಯ ಗುಟ್ಟಾಗಿ ಇಡ್ಬೇಕು ಅಂತಲೂ ಉಂಟು, ಇದನ್ನು ಪ್ರಾಕ್ಟೀಸಿನ ಸರ್ಟಿಫಿಕೇಟ್ ಹೋಗ್ತದೆ ಅಂತ ಹೆದರುವವ್ರಿಗೆ ಹೇಳಿ. ಡಾಕ್ಟ್ರ ಹತ್ರ ಹೋಗುದು ಮಿಸ್‌ಕಂಡಕ್ಟ್ ಅಲ್ಲ.

ಇವತ್ತಿಂದ ಬಿಟ್ಟೆ ಅಂತ ಹೇಳಿದ್ರೆ

ದಿನಾ ಜಾಸ್ತಿ ಕುಡಿಯುವವ್ರು ಒಮ್ಮೆಗೇ ಬಿಟ್ಟು ಮನೆಯಲ್ಲಿ ಮಲಗುದು ಅಪಾಯ, ಇದನ್ನು ದಪ್ಪ ಅಕ್ಷರದಲ್ಲಿ ಬರೆದು ಇಡ್ಬೇಕಾದ ಮಾತು. ಮೊದಲ ಒಂದೆರಡು ದಿವಸದಲ್ಲಿ ಫಿಟ್ಸ್ ಬರ್ಬಹುದು, ಎರಡರಿಂದ ನಾಲ್ಕನೇ ದಿವಸದಲ್ಲಿ ಇಲ್ಲದ್ದು ಕಾಣುದು, ಎಲ್ಲಿದ್ದೇನೆ ಅಂತಲೇ ಗೊತ್ತಾಗದೆ ಹೋಗುದು ಎಲ್ಲ ಆಗ್ಬಹುದು, ಜೀವಕ್ಕೇ ಬರ್ತದೆ. ಡಾಕ್ಟ್ರು ಅದಕ್ಕೆ ಮದ್ದು ಕೊಟ್ಟು ಇಳಿಸ್ತಾರೆ, ಬಿ1 ವಿಟಮಿನ್ ಕೊಡ್ತಾರೆ. ನಿದ್ರೆಗೆ ಅಂತ ತಿಂಗಳುಗಟ್ಟಲೆ ಆಲ್ಪ್ರಜೋಲಾಮ್ ತೆಗೊಳ್ಳುವವ್ರು ಕೂಡ ಒಮ್ಮೆಗೇ ನಿಲ್ಲಿಸ್ಬಾರದು, ಆರ್ಟಿಕಲ್ ಮಕ್ಕಳೂ ಪರೀಕ್ಷೆ ಸಮಯದಲ್ಲಿ ಇದನ್ನು ನುಂಗ್ತಾರೆ, ಗಮನ ಇಡಿ. ಯಾರಿಗೂ ತಿಳಿಯದ ಹಾಗೆ ಚಾದಲ್ಲಿ ಕುಡಿತ ಬಿಡಿಸುವ ಮಾತ್ರೆ ಹಾಕುದು ಖಂಡಿತ ಬೇಡ. ಖಿನ್ನತೆಯ ಮಾತ್ರೆ ಎರಡರಿಂದ ನಾಲ್ಕು ವಾರ ಹಿಡೀತದೆ ಕೆಲಸ ಮಾಡ್ಲಿಕ್ಕೆ, ಐದನೇ ದಿವಸಕ್ಕೆ "ಇದರಿಂದ ಎಂತ ಆಗ್ಲಿಲ್ಲ" ಅಂತ ಬಿಸಾಡುದು ತುಂಬ ಜನ, ಅಷ್ಟು ವಾರ ದಿನಕ್ಕೊಂದು ಫೋನ್ ಮಾಡಿ.

ಎಲ್ಲಿಗೆ ಹೋಗುದು ಅಂತ ಕೇಳಿದ್ರೆ ದಕ್ಷಿಣ ಕನ್ನಡ, ಉಡುಪಿ, ನಮ್ಮ ಈ ಎರಡು ಜಿಲ್ಲೆಗೆ ಆ ಕಷ್ಟ ಇಲ್ಲ. ಹಂಪನಕಟ್ಟೆಯ ವೆನ್ಲಾಕ್ ಸರ್ಕಾರಿ, ಅಲ್ಲಿ ಮಾನಸಿಕ ವಿಭಾಗ ಉಂಟು, ಕಂಕನಾಡಿಯಲ್ಲಿ ಫಾದರ್ ಮುಲ್ಲರ್, ಮಣಿಪಾಲದಲ್ಲಿ ಕಸ್ತೂರ್ಬಾ, ಉಡುಪಿ ದೊಡ್ಡಣಗುಡ್ಡೆಯಲ್ಲಿ ಡಾ. ಎ.ವಿ. ಬಾಳಿಗ ಆಸ್ಪತ್ರೆ ಮನೋರೋಗ ಮತ್ತು ವ್ಯಸನದ ಚಿಕಿತ್ಸೆಗೇ ಹೆಸರು ಮಾಡಿದ್ದು. ಪರಿಚಯದವ್ರು ನೋಡ್ತಾರೆ ಅಂತ ಹೆದರಿಕೆ ಆದ್ರೆ ಮಂಗಳೂರಿನವ್ರು ಉಡುಪಿಗೆ, ಉಡುಪಿಯವ್ರು ಮಂಗಳೂರಿಗೆ ಹೋಗಿ, ನಾನೂ ಹಾಗೇ ಮಾಡಿದ್ದು. ವ್ಯಸನಕ್ಕೆ ಅಂತಲೇ 14446 ಸಹಾಯವಾಣಿ ಕೂಡ ಉಂಟು. ನೀವು ಒಟ್ಟಿಗೆ ಹೋಗಿ. ಅಡ್ರೆಸ್ ವಾಟ್ಸಾಪ್ ಮಾಡಿದ್ರೆ ಅವ ಹೋಗುದಿಲ್ಲ.

ಹತ್ತು ದಿವಸದ ಕೆಲಸ

ಈಗ ಮುಖ್ಯ ವಿಷಯ. ಪೇಪರ್ ತೆಗೊಂಡು ಕೂತು ಮೂರು ಪಾಲು ಮಾಡಿ. ಒಂದು, ಬೇರೆಯವ್ರು ಮಾಡ್ಬಹುದಾದ್ದು, ಜಿಎಸ್‌ಟಿ, ಟಿಡಿಎಸ್, ಬುಕ್ಸ್ ಬರೆಯುದು. ಎರಡು, ಅವನೇ ಸೈನ್ ಹಾಕ್ಬೇಕಾದ್ದು. ಮೂರು, ಈಗ ಮಾಡದಿದ್ರೂ ಆಗುವಂಥದ್ದು. ಮೂರನೇ ಪಾಲು ಅಂದಾಜಿಗಿಂತ ದೊಡ್ಡದಿರ್ತದೆ, ಅದನ್ನು ಕಂಡೇ ಅವನಿಗೆ ಅರ್ಧ ಉಸಿರು ಬರ್ತದೆ.

ಒಂದನೇ ಪಾಲಿನ ಬಗ್ಗೆ: ಕ್ಲೈಂಟಿನ ಒಪ್ಪಿಗೆ ಇಲ್ಲದೆ ಅವ್ರ ಫೈಲ್ ಇನ್ನೊಬ್ಬ ನೋಡುವ ಹಾಗಿಲ್ಲ, ಸಿಎ ಕಾಯಿದೆಯ ಎರಡನೇ ಶೆಡ್ಯೂಲ್‌ನ ಮೊದಲ ಕಲಮೇ ಅದು. ಹಾಗಾಗಿ "ಆರೋಗ್ಯ ಸರಿ ಇಲ್ಲ, ಈ ತಿಂಗಳು ನನ್ನ ಸ್ನೇಹಿತ ಇಂಥವ್ರು ನೋಡ್ತಾರೆ, ನಿಮ್ಮ ಒಪ್ಪಿಗೆ ಕಳಿಸಿ" ಅಂತ ಒಂದು ಮೇಲ್ ಸಾಕು. ಎಂತ ಕಾಯಿಲೆ ಅಂತ ಹೇಳುವ ಅಗತ್ಯ ಇಲ್ಲ, ಆರೋಗ್ಯ ಸರಿ ಇಲ್ಲ ಅನ್ನುದು ಸುಳ್ಳೂ ಅಲ್ಲ. ಇದನ್ನು ಕಷ್ಟ ಬರುವ ಮೊದಲೇ, ಏಪ್ರಿಲ್ ತಿಂಗಳಲ್ಲೇ, ಒಬ್ಬನೇ ಪ್ರಾಕ್ಟೀಸ್ ಮಾಡುವ ಪ್ರತಿಯೊಬ್ರೂ ಒಬ್ಬ ದೋಸ್ತಿಯೊಟ್ಟಿಗೆ ಮಾಡಿ ಇಟ್ರೆ ಡೆಂಗ್ಯೂ ಬಂದ್ರೂ ಆಗ್ತದೆ, ಅಪ್ಪನಿಗೆ ಆಪರೇಷನ್ ಆದ್ರೂ ಆಗ್ತದೆ. ಯಾರೂ ಯಾಕೆ ಅಂತ ಕೇಳುದಿಲ್ಲ. ನಾವು ಇದಕ್ಕೆ ಜೋಡಿ ಅಂತ ಹೇಳ್ತೇವೆ, "ನಿನ್ನ ಜೋಡಿ ಯಾರು" ಅಂತ.

ಎರಡನೇ ಪಾಲಲ್ಲಿ ಪ್ರೀತಿಯಿಂದ ತಪ್ಪು ಮಾಡ್ಬೇಡಿ. ಅವನ ಆಡಿಟಿಗೆ ನಿಮ್ಮ ಸೈನ್ ಹಾಕುದು, ನಿಮ್ಮ ಯುಡಿಐಎನ್ (ಸೈನ್ ಹಾಕುವ ಸಿಎ ರಿಪೋರ್ಟಿಗೆ ತೆಗೆಯುವ ನಂಬರ್) ತೆಗೆದು ಕೊಡುದು, ಅವನ ಡಿಜಿಟಲ್ ಸೈನ್ ಇರುವ ಡಿಎಸ್‌ಸಿ ಟೋಕನ್ ನೀವು ಕಂಪ್ಯೂಟರಿಗೆ ಚುಚ್ಚುದು, ಇದೊಂದೂ ಬೇಡ, ಇಬ್ರೂ ಮುಳುಗ್ತೀರಿ. ತಡ ಆಗ್ತದೆ ಅಂತ ಕ್ಲೈಂಟಿಗೆ ಹೇಳುದು, ಇಲ್ಲವೇ ಅವ್ರು ಬೇರೆ ಆಡಿಟರನ್ನು ಮಾಡ್ಕೊಳ್ಳುದು, ಆಗ ಬರುವವ್ರು ಹಳೇ ಆಡಿಟರಿಗೆ ಪತ್ರ ಬರೀಬೇಕಾದ ಕ್ರಮ ಉಂಟಲ್ಲ ಅದು ಎಲ್ಲ ಸರಿಯಾಗಿ ನಡೀಲಿ. ನನ್ನ ಹದಿನಾಲ್ಕರಲ್ಲಿ ಐದು ಹಾಗೆ ಹೋಯ್ತು. ಆಗ ಆಕಾಶವೇ ಬಿತ್ತು ಅಂತ ಕಂಡಿತ್ತು, ಅದರಲ್ಲಿ ಇಬ್ರು ಎರಡು ವರ್ಷ ಬಿಟ್ಟು ವಾಪಸ್ ಬಂದ್ರು.

ಮತ್ತೆ ಹೆದರಿಕೆಯನ್ನು ಕೂಡ ಲೆಕ್ಕ ಹಾಕಿ. 3ಬಿ ತಡ ಆದ್ರೆ ದಿವಸಕ್ಕೆ 50 ರೂಪಾಯಿ, ಟ್ಯಾಕ್ಸ್ ಇಲ್ಲದ ನಿಲ್ ಆದ್ರೆ 20, ಹತ್ತು ದಿವಸಕ್ಕೆ ಒಬ್ಬರಿಗೆ 500, ನಲವತ್ತು ಕ್ಲೈಂಟ್‌ದ್ದೂ ತಡ ಆದ್ರೆ 20,000, ಟ್ಯಾಕ್ಸ್ ಬಾಕಿ ಇದ್ದವ್ರಿಗೆ ಮೇಲಿಂದ 18% ಬಡ್ಡಿ. ಸಣ್ಣ ಮೊತ್ತ ಅಂತ ಹೇಳುದಿಲ್ಲ, ಆದ್ರೆ ರಾತ್ರಿ ಎರಡು ಗಂಟೆಗೆ ತಲೆಯೊಳಗೆ ಅದಕ್ಕೆ ಅಂಕಿಯೇ ಇರುದಿಲ್ಲ, ಬರೀ ಕತ್ತಲೆ ಇರ್ತದೆ. ಕಾಗದದಲ್ಲಿ ಬರೆದಾಗ ಅದು ಕಟ್ಟಿ ಮುಗಿಸ್ಬಹುದಾದ ಒಂದು ಮೊತ್ತ. ಹಣವೇ ತೊಂದ್ರೆ ಆದ ಸಿಎಗಳಿಗೆ ಇನ್‌ಸ್ಟಿಟ್ಯೂಟಿನ ಬೆನೆವೊಲೆಂಟ್ ಫಂಡ್ 1962ರಿಂದ ಉಂಟು, ಅರ್ಜಿ ಬರೀಲಿಕ್ಕೆ ಅವನಿಗೆ ಕೈ ಬಾರದಿದ್ರೆ ನೀವು ಬರೀರಿ.

ನಾಲ್ಕು ಜನ ಸೇರುದು

ಇಬ್ರಿಂದ ನಾಲ್ಕು ಜನ ಆದ ಮೇಲೆ ಹದಿನೈದು ದಿವಸಕ್ಕೊಮ್ಮೆ ಕೂರ್ಲಿಕ್ಕೆ ಶುರು ಮಾಡಿ. ನಾವು 21ನೇ ತಾರೀಕು ಅಂತ ಇಟ್ಟದ್ದು ಮೊದಲು, 3ಬಿ ಮುಗಿದ ಮರುದಿನ, ಅವತ್ತೇ ಎಲ್ಲರಿಗೂ "ಇವತ್ತೊಂದು ದಿವಸ ಕುಡಿಯುವ" ಅಂತ ಕಾಣುದು ಹಾಗಾಗಿ. ಮತ್ತೊಂದು ತಿಂಗಳ ಮೊದಲ ವಾರ. ಯಾರದ್ದಾದ್ರೂ ಮನೆಯ ಮಾಳಿಗೆ, ಶನಿವಾರ ಖಾಲಿ ಇರುವ ಆಫೀಸ್. ಚಾ, ಗೋಳಿಬಜೆ ಸಾಕು. ಮುಗಿದ ಮೇಲೆ ಗಮ್ಮತ್ತು ಇಲ್ಲ, ಕುಡಿಯುವ ತೊಂದ್ರೆ ಇಲ್ಲದವ್ರು ಕೂಡ ಅವತ್ತು ಕುಡಿಯುದಿಲ್ಲ. ವಾಟ್ಸಾಪ್ ಗ್ರೂಪ್ ಮಾಡ್ಬೇಡಿ, ಒಂದು ಸ್ಕ್ರೀನ್‌ಶಾಟ್ ಸಾಕು ಒಬ್ಬನ ಹೆಸರು ಹೋಗ್ಲಿಕ್ಕೆ, ಒಬ್ಬೊಬ್ಬರಿಗೆ ಫೋನ್ ಮಾಡಿ ಕರೀರಿ. ಹಾಜರಿ, ಮಿನಿಟ್ಸ್ ಎಂತದೂ ಬರೀಬೇಡಿ, ನಮಗೆ ಬರೆಯದಿದ್ರೆ ಆಗುದಿಲ್ಲ, ಆದ್ರೂ ಬೇಡ.

ಒಬ್ರಿಗೆ ಹತ್ತು ನಿಮಿಷ, ಉಳಿದವ್ರು ನಡುವೆ ಬಾಯಿ ಹಾಕುದಿಲ್ಲ. ಸಲಹೆ ಕೇಳಿದ್ರೆ ಮಾತ್ರ ಕೊಡುದು. ಕ್ಲೈಂಟಿನ ಹೆಸರು, ಊರು, ವ್ಯಾಪಾರ ಬಾಯಿಗೆ ಬರ್ಬಾರದು, "ಒಂದು ಪಾರ್ಟಿ" ಅಂತ ಹೇಳಿದ್ರೆ ಸಾಕು. ಇಲ್ಲಿ ಕೇಳಿದ ಕಷ್ಟದಿಂದ ಯಾರೂ ಇನ್ನೊಬ್ಬನ ಕ್ಲೈಂಟನ್ನು ತನ್ನ ಕಡೆ ಎಳೆಯುದಿಲ್ಲ, ಇದು ಒಮ್ಮೆ ಆದ್ರೆ ಕೂಟ ಅಲ್ಲಿಗೇ ಮುಗೀತು. ಪ್ರಿನ್ಸಿಪಾಲ್, ಅಂದ್ರೆ ತರಬೇತಿ ಕೊಡುವ ಸಿಎ, ಮತ್ತು ಅವ್ರ ಆರ್ಟಿಕಲ್ ಒಂದೇ ಕೂಟದಲ್ಲಿ ಬೇಡ, ಆ ಹುಡುಗ ಬಾಯಿ ಬಿಡುದಿಲ್ಲ. ಹೆಂಗಸರು ಬರುವಾಗ ಹೊತ್ತು ನೋಡಿ, ರಾತ್ರಿ ಎಂಟಕ್ಕೆ ಇಟ್ಟು "ಅವ್ರು ಬರುದಿಲ್ಲ" ಅಂತ ಹೇಳಿದ್ರೆ ಅದು ನಮ್ಮ ತಪ್ಪು, ಇಬ್ರು ಹೆಂಗಸರಾದ್ರೆ ಅವ್ರೇ ಬೇರೆ ಕೂತರೂ ಒಳ್ಳೆಯದು. ಸಿಎ ರಿಸಲ್ಟ್ ಬರುವ ದಿವಸ ಮಾತ್ರ ಮರೀಬೇಡಿ, ನಿಮ್ಮ ಆಫೀಸಿನ ಮಕ್ಕಳಲ್ಲಿ ಫೇಲಾದವನಿಗೆ ಅವತ್ತು ಸಂಜೆ ನೀವೇ ಫೋನ್ ಮಾಡಿ, ಪಾಸಾದವನಿಗೆ ನಾಳೆ ಮಾಡಿದ್ರೂ ಆಗ್ತದೆ.

ಬಿಟ್ಟವ ಪುನಃ ಕುಡೀತಾನೆ. ಎಲ್ಲರೂ ಅಲ್ಲ, ಆದ್ರೆ ತುಂಬ ಜನ, ನಾನೂ ಬಿಟ್ಟು ಏಳನೇ ತಿಂಗಳಲ್ಲಿ ಕುಡಿದೆ, ಏಪ್ರಿಲ್‌ನಲ್ಲಿ ಬ್ಯಾಂಕ್ ಬ್ರಾಂಚ್ ಆಡಿಟಿಗೆ ಅಂತ ಪರ ಊರಿಗೆ ಹೋದಾಗ, ಲಾಡ್ಜಲ್ಲಿ ಒಬ್ಬನೇ. ಆಗ ಕೂಟಕ್ಕೆ ಬರ್ಲಿಕ್ಕೆ ನಾಚಿಕೆ ಆಗ್ತದೆ, ಬಾರದಿದ್ರೆ ಇನ್ನೂ ಕುಡೀತಾರೆ. ಹಾಗಾಗಿ ಒಬ್ಬ ಎರಡು ಸಲ ತಪ್ಪಿಸಿದ್ರೆ ಮನೆಗೆ ಹೋಗ್ಬೇಕು ಅಂತ ಮೊದಲೇ ಮಾತಾಡಿ ಇಡಿ, ಪರ ಊರಿನ ಆಡಿಟಿಗೆ ಹೋಗುವವ ರಾತ್ರಿ ಒಂಬತ್ತಕ್ಕೆ ಜೋಡಿಗೆ ಫೋನ್ ಮಾಡುದು ಅಂತಲೂ ಇಡಿ. ನಿಮಗೇ ಸಾಕಾದ್ರೆ ಇನ್ನೊಬ್ಬನಿಗೆ ಒಪ್ಪಿಸಿ, ಒಂದು ತಿಂಗಳು ನೀವು ಬಿಡಿ, ಅದರಲ್ಲಿ ತಪ್ಪೆಂತ ಇಲ್ಲ. ಅವನ ಮನೆಯವ್ರಿಗೆ ಅಲ್-ಅನಾನ್ ಅಂತ ಬೇರೆ ಕೂಟ ಇರ್ತದೆ, ಕುಡಿಯುವವ್ರ ಮನೆಯವ್ರಿಗೇ ಇರುವಂಥದ್ದು, ಅದನ್ನು ತಿಳಿಸಿ.

ನಮ್ಮಲ್ಲಿ ಒಬ್ರು ಹಿರಿಯರು ಮೊದಲ ಐದು ಸಲ ಬಂದು ಒಂದು ಮಾತೂ ಆಡ್ಲಿಲ್ಲ, ಚಾ ಕುಡಿದು ಎದ್ದು ಹೋಗ್ತಾ ಇದ್ರು. ನಾವೂ ಕೇಳ್ಲಿಲ್ಲ. ಆರನೇ ಸಲ ಬ್ಯಾಗಿಂದ ಒಂದು ಕಾಗದ ತೆಗೆದು ಟೇಬಲ್ ಮೇಲೆ ಇಟ್ರು, ಕೈಬರಹದ ಪೆಂಡಿಂಗ್ ಲಿಸ್ಟ್, ಮೂವತ್ತೆರಡು ಹೆಸರಿನ ಜಾಗದಲ್ಲಿ ಒಂದರಿಂದ ಮೂವತ್ತೆರಡರವರೆಗೆ ಬರೀ ನಂಬರ್ ಹಾಕಿದ್ರು. ಅದನ್ನು ಮೂರು ಪಾಲು ಮಾಡ್ಲಿಕ್ಕೆ ನಮಗೆ ಒಂದೂವರೆ ಗಂಟೆ ಹಿಡೀತು, ಮತ್ತೆ ಅವ್ರು "ನಾಳೆ ಎಷ್ಟು ಗಂಟೆಗೆ ಡಾಕ್ಟ್ರ ಹತ್ರ ಹೋಗುದು" ಅಂತ ಕೇಳಿದ್ರು.